ಸಹಾಯ ಬೇಕು: ಶಿರಸಿ, ಕುಮಟಾ ಕಡೆ ದೊಡ್ಡ ಅಳತೆಯ ಕುರ್ತಾ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನನ್ನ ಎದೆ ಸುತ್ತಳತೆ 46 ಇಂಚು. ಒಂದು ಕಂಪನಿಯ ಡಬಲ್ ಎಕ್ಸೆಲ್ ದೊಗಲೆ ಆಗುತ್ತದೆ, ಇನ್ನೊಂದರ ತ್ರಿಬಲ್ ಎಕ್ಸೆಲ್ ತೋಳಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಚೀಟಿಯಲ್ಲಿ ಬರೆದದ್ದು ಮೈ ಅಳತೆಯೋ ಬಟ್ಟೆ ಅಳತೆಯೋ ಅಂತಾನೂ ಗೊತ್ತಾಗುವುದಿಲ್ಲ. ಭಾರತೀಯರ ಮೈ ಅಳತೆಗೆಂದೇ ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಇಂಡಿಯಾಸೈಜ್ ಸಮೀಕ್ಷೆ ಕೈಗೆತ್ತಿಕೊಂಡರು, ಆದರೂ ನಮ್ಮೂರ ಅಂಗಡಿಯಲ್ಲಿ ಏನೂ ಬದಲಾಗಿಲ್ಲ. "ನಿಮ್ಮ ಸೈಜ್ ಇಲ್ಲ ಅಕ್ಕಾ" ಅಂತ ಎಲ್ಲರೆದುರು ಜೋರಾಗಿ ಹೇಳುತ್ತಾರೆ, ತುಂಬಾ ಬೇಜಾರಾಗುತ್ತದೆ. ಆನ್‌ಲೈನಲ್ಲಿ ತರಿಸಿದರೆ ನಮ್ಮ ಹಳ್ಳಿಯಿಂದ ವಾಪಸ್ ಕಳಿಸೋದೇ ಕಷ್ಟ.

ಶಿರಸಿ, ಕುಮಟಾ ಅಥವಾ ಕಾರವಾರದಲ್ಲಿ ಒಳ್ಳೆ ಅಂಗಡಿ ಇದ್ದರೆ ಹೇಳಿ. ಇಲ್ಲವಾದರೆ ಕಂಕುಳು, ತೋಳು ಸರಿಯಾಗಿ ಅಳೆದು, ಒಳಗೆ ಹೊಲಿಗೆ ಬಿಚ್ಚಲು ಜಾಸ್ತಿ ಬಟ್ಟೆ ಬಿಟ್ಟು ಹೊಲಿಯುವ ಟೇಲರ್ ಯಾರಾದರೂ ಗೊತ್ತಾ? ಮಜೂರಿ ಎಷ್ಟು ಅಂತಾನೂ ತಿಳಿಸಿ. ಮಳೆಗಾಲ, ಬೇಗ ಒಣಗುವ ಬಟ್ಟೆ ಯಾವುದು ಅಂತ ಹೇಳಿದರೂ ಉಪಕಾರ.