ಜೆಟ್ರೀ, ಜೆಟೇಬಲ್: ಒಂದು ಸಾಲನ್ನು ಆಯ್ದರೆ ಇನ್ನೊಂದರ ವಿವರ ಬರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಮಾಸಪತ್ರಿಕೆಗಳ ಸಂಗ್ರಹವೊಂದಕ್ಕೆ ಲೇಖನಸೂಚಿ ತಯಾರಿಸುವ ಸಣ್ಣ ಪ್ರೋಗ್ರಾಮನ್ನು ಜಾವಾ ಸ್ವಿಂಗ್‌ನಲ್ಲಿ (ಕಿಟಕಿ, ಗುಂಡಿ, ಪಟ್ಟಿಗಳನ್ನು ಕಟ್ಟುವ ಜಾವಾ ಲೈಬ್ರರಿ) ಬರೆಯುತ್ತಿದ್ದೇನೆ. ಎಡಕ್ಕೆ ಜೆಟ್ರೀ, ಅಂದರೆ ಕೊಂಬೆಗಳಂತೆ ತೆರೆದು ಮಡಚಬಹುದಾದ ಪಟ್ಟಿ ಇದೆ. ಅದರಲ್ಲಿ ವರ್ಷಗಳು, ಪ್ರತಿ ವರ್ಷದ ಒಳಗೆ ಸಂಚಿಕೆಗಳು. ಸಂಚಿಕೆಯನ್ನು ಆಯ್ದರೆ ಅದರ ಲೇಖನಗಳು ಬಲಗಡೆಯ ಜೆಟೇಬಲ್‌ನಲ್ಲಿ (ಸಾಲು, ಕಾಲಂಗಳ ಕೋಷ್ಟಕದಲ್ಲಿ) ಬರಬೇಕು, ಅಲ್ಲಿ ಒಂದು ಸಾಲನ್ನು ಆಯ್ದರೆ ಲೇಖನದ ವಿವರ ಕೆಳಗಿನ ಫಲಕದಲ್ಲಿ ಕಾಣಬೇಕು. ಇಷ್ಟೇ ಕೆಲಸ, ಆದರೆ ಮೂರು ವಾರಗಳಿಂದ ಈ ಕೆಳಗಿನ ತೊಂದರೆಗಳು ಬಗೆಹರಿದಿಲ್ಲ.

ಟೇಬಲ್‌ನ ಏಳನೆಯ ಸಾಲಿನಲ್ಲಿದ್ದು ಮೂರನೆಯದನ್ನು ಒತ್ತಿದರೆ ಸರಿಯಾದ ವಿವರ ಬರುತ್ತದೆ. ಮೂರರಿಂದ ಏಳಕ್ಕೆ ಹೋದರೆ ಮಾತ್ರ ಮೂರನೆಯ ಲೇಖನವೇ ಮತ್ತೆ ಬರುತ್ತದೆ. ಮೌಸ್‌ನಿಂದ ಒತ್ತಿದಾಗ ಡೇಟಾಬೇಸ್‌ಗೆ ಎರಡು ಬಾರಿ ಕರೆ ಹೋಗುತ್ತದೆ, ಬಾಣದ ಕೀಲಿಗಳಿಂದ ಸರಿದಾಗ ಒಂದೇ ಬಾರಿ. ಶೀರ್ಷಿಕೆಯ ಪ್ರಕಾರ ವಿಂಗಡಿಸಿದ ಮೇಲಂತೂ ಯಾವ ಸಾಲಿಗೆ ಯಾವ ಲೇಖನ ಬರುತ್ತದೆಂಬುದಕ್ಕೆ ಲೆಕ್ಕವೇ ಇಲ್ಲ. ಇನ್ನು ಟ್ರೀ ಕಡೆ ನೋಡಿದರೆ, ಹೊಸ ಸಂಚಿಕೆ ಸೇರಿಸಿ ರಿಲೋಡ್ ಕರೆದ ಕೂಡಲೇ ತೆರೆದಿದ್ದ ವರ್ಷಗಳೆಲ್ಲ ಮುಚ್ಚಿಕೊಳ್ಳುತ್ತವೆ, ಜೊತೆಗೆ ನಲ್‌ಪಾಯಿಂಟರ್ ಎಕ್ಸೆಪ್ಷನ್ (ಇಲ್ಲದ ವಸ್ತುವನ್ನು ಬಳಸಲು ಹೋದಾಗಿನ ದೋಷ) ಬರುತ್ತದೆ. ಕೆಲವೊಮ್ಮೆ ವರ್ಷವನ್ನು ಮಡಚಿದರೂ ಸಾಕು, ಕ್ಲಾಸ್‌ಕ್ಯಾಸ್ಟ್ ಎಕ್ಸೆಪ್ಷನ್ (ಒಂದು ಬಗೆಯ ವಸ್ತುವನ್ನು ಇನ್ನೊಂದು ಬಗೆಯದೆಂದು ಬಳಸಿದಾಗಿನ ದೋಷ)! ಪರದೆಯನ್ನು ಮತ್ತೆ ಬಿಡಿಸಿ ಜೋಡಿಸುವ ರಿಪೇಂಟ್, ರಿವ್ಯಾಲಿಡೇಟ್ ಎರಡನ್ನೂ ಅಲ್ಲಲ್ಲಿ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ.

ಉತ್ತರ 1

ನೀವು ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಕೋಡ್ ನೋಡದೆಯೇ ಬಹುಪಾಲನ್ನು ಹೇಳಬಹುದು. (ಮೆಥಡ್‌ಗಳ ಹೆಸರನ್ನು ಉಚ್ಚರಿಸಿದಂತೆ ಬರೆಯುತ್ತೇನೆ, ಕೋಡ್‌ನಲ್ಲಿ ಎಂದಿನ ಕಾಗುಣಿತವೇ ಇರಲಿ.) ಮೊದಲು ಆ ರಿಪೇಂಟ್‌ಗಳನ್ನು ತೆಗೆದುಹಾಕಿ. ಪರದೆಯ ಮೇಲೆ ಬರುತ್ತಿರುವುದು ನೀವು ಕೊಟ್ಟ ತಪ್ಪು ಮಾಹಿತಿಯೇ ಹೊರತು, ಬಿಡಿಸುವುದರಲ್ಲಿ ಸ್ವಿಂಗ್ ಎಡವುತ್ತಿಲ್ಲ.

ಮೂರು–ಏಳರ ಒಗಟಿಗೆ ಕಾರಣ, ನೀವು ಲಿಸ್ಟ್‌ಸೆಲೆಕ್ಷನ್‌ಇವೆಂಟ್‌ನ (ಆಯ್ಕೆ ಬದಲಾದಾಗ ಬರುವ ಸೂಚನೆ, ಅಂದರೆ ಇವೆಂಟ್) ಗೆಟ್‌ಫಸ್ಟ್‌ಇಂಡೆಕ್ಸ್ ಅನ್ನು ‘ಆಯ್ಕೆಯಾದ ಸಾಲು’ ಎಂದು ತಿಳಿದುಕೊಂಡಿರುವುದು. ಹೆಸರು ಹಾಗೆ ಭ್ರಮೆ ಹುಟ್ಟಿಸುತ್ತದೆ, ನಿಜ. ಆದರೆ ಅದೂ ಗೆಟ್‌ಲಾಸ್ಟ್‌ಇಂಡೆಕ್ಸೂ ಸೇರಿ ಹೇಳುವುದು, ಆಯ್ಕೆಯ ಸ್ಥಿತಿ ಎಲ್ಲಿಂದ ಎಲ್ಲಿಯವರೆಗಿನ ಸಾಲುಗಳಲ್ಲಿ ಬದಲಾಗಿರಬಹುದು ಎಂಬುದನ್ನು ಮಾತ್ರ. ಮೂರರಿಂದ ಏಳಕ್ಕೆ ಹೋದಾಗ ಮೂರು ಆಯ್ಕೆ ಕಳೆದುಕೊಂಡಿತು, ಏಳು ಪಡೆಯಿತು; ಹಾಗಾಗಿ ವ್ಯಾಪ್ತಿ ಮೂರರಿಂದ ಏಳು. ಏಳರಿಂದ ಮೂರಕ್ಕೆ ಬಂದಾಗಲೂ ವ್ಯಾಪ್ತಿ ಅದೇ ಆಗಿರುವುದರಿಂದ, ಆ ದಿಕ್ಕಿನಲ್ಲಿ ನಿಮ್ಮ ಉತ್ತರ ಅಕಸ್ಮಾತ್ತಾಗಿ ಸರಿಹೋಗುತ್ತಿದೆ. ಇವೆಂಟ್ ಬಂದಾಗ ಅದನ್ನು ಕೇಳಬೇಡಿ, ಟೇಬಲನ್ನೇ ಕೇಳಿ: ಗೆಟ್‌ಸೆಲೆಕ್ಟೆಡ್‌ರೋ ಈ ಕ್ಷಣದ ಆಯ್ಕೆಯನ್ನು ಹೇಳುತ್ತದೆ.

ಎರಡೆರಡು ಕರೆಗಳ ಮೂಲ ಬೇರೆ. ಮೌಸ್ ಗುಂಡಿ ಒತ್ತಿದಾಗ ಒಂದು ಇವೆಂಟ್ ಬರುತ್ತದೆ, ಬಿಟ್ಟಾಗ ಇನ್ನೊಂದು. ಒತ್ತಿಹಿಡಿದು ಎಳೆದರೆ ನಡುವೆ ಹಲವು ಬರಬಹುದು. ಇನ್ನೂ ಮುಗಿಯದ ಆಯ್ಕೆಯ ಇವೆಂಟ್‌ಗಳಲ್ಲಿ ಗೆಟ್‌ವ್ಯಾಲ್ಯೂಇಸ್‌ಅಡ್ಜಸ್ಟಿಂಗ್ ‘ನಿಜ’ ಎಂದು ಹೇಳುತ್ತದೆ. ಇವೆಂಟ್ ಬಂದಾಗ ಓಡುವ ಲಿಸನರ್‌ನ ಮೊದಲ ಸಾಲಿನಲ್ಲಿಯೇ ಅದನ್ನು ಪರೀಕ್ಷಿಸಿ, ನಿಜವಾಗಿದ್ದರೆ ಹಿಂದಿರುಗಿ.

ವಿಂಗಡಣೆಯ ಗೊಂದಲವು ಜಾವಾ 6ರಲ್ಲಿ ಸಾಲುಗಳನ್ನು ವಿಂಗಡಿಸುವ ರೋಸಾರ್ಟರ್ ಬಂದಾಗಿನಿಂದ ಜನರನ್ನು ಕಾಡುತ್ತಿದೆ. ತಲೆಪಟ್ಟಿಯನ್ನು ಒತ್ತಿ ವಿಂಗಡಿಸಿದಾಗ ಟೇಬಲ್‌ನಲ್ಲಿ ಕಾಣುವ ಕ್ರಮ ಮಾತ್ರ ಬದಲಾಗುತ್ತದೆ, ಮಾಹಿತಿಯನ್ನು ಇಟ್ಟುಕೊಳ್ಳುವ ನಿಮ್ಮ ಟೇಬಲ್‌ಮಾಡೆಲ್‌ನೊಳಗಿನ ಪಟ್ಟಿ ಇದ್ದಂತೆಯೇ ಇರುತ್ತದೆ. ಗೆಟ್‌ಸೆಲೆಕ್ಟೆಡ್‌ರೋ ಕೊಡುವುದು ಕಣ್ಣಿಗೆ ಕಾಣುವ ಸಾಲಿನ ಸಂಖ್ಯೆಯನ್ನು. ಅದನ್ನು ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಮೂಲಕ ಮಾಡೆಲ್‌ನ ಸಂಖ್ಯೆಗೆ ಬದಲಿಸಿದ ನಂತರವೇ ಪಟ್ಟಿಯಿಂದ ಲೇಖನವನ್ನು ತೆಗೆಯಬೇಕು. ಒಂದು ಎಚ್ಚರಿಕೆ ಇದೆ. ಬೇರೆ ಸಂಚಿಕೆ ತುಂಬಿ, ಮಾಹಿತಿ ಬದಲಾಯಿತೆಂದು ಸಾರುವ ಫೈರ್‌ಟೇಬಲ್‌ಡೇಟಾಚೇಂಜ್ಡ್ ಕರೆದಾಗ ಹಳೆಯ ಆಯ್ಕೆ ಅಳಿಯುತ್ತದೆ, ಆಗ ಗೆಟ್‌ಸೆಲೆಕ್ಟೆಡ್‌ರೋ -1 ಕೊಡುತ್ತದೆ, ಆ -1 ಅನ್ನು ಪರಿವರ್ತನೆಗೆ ಕೊಟ್ಟರೆ ಇಂಡೆಕ್ಸ್‌ಔಟ್‌ಆಫ್‌ಬೌಂಡ್ಸ್ ಎಕ್ಸೆಪ್ಷನ್ ಬರುತ್ತದೆ. -1 ಬಂದರೆ ವಿವರದ ಫಲಕವನ್ನು ಖಾಲಿ ಮಾಡಿ ಹಿಂದಿರುಗುವುದೇ ಸರಿ.

ಇನ್ನು ಟ್ರೀ. ರಿಲೋಡ್ ಎಂದರೆ ‘ಬುಡದಿಂದ ಎಲ್ಲವೂ ಬದಲಾಗಿದೆ’ ಎಂದು ಸಾರಿದಂತೆ. ಯಾವ ನೋಡ್ (ಟ್ರೀಯ ಒಂದು ನಮೂದು) ಉಳಿದಿದೆ, ಯಾವುದು ಹೋಗಿದೆ ಎಂಬುದು ಟ್ರೀಗೆ ತಿಳಿಯದ ಕಾರಣ ಅದು ತೆರೆದ ಕೊಂಬೆಗಳನ್ನೂ ಅವುಗಳೊಳಗಿನ ಆಯ್ಕೆಯನ್ನೂ ಕೈಬಿಡುತ್ತದೆ. ಆಯ್ಕೆ ಹೋಯಿತೆಂಬುದೂ ಒಂದು ಬದಲಾವಣೆಯೇ ಆದ್ದರಿಂದ ನಿಮ್ಮ ಲಿಸನರ್‌ನ ವ್ಯಾಲ್ಯೂಚೇಂಜ್ಡ್ ಓಡುತ್ತದೆ, ಗೆಟ್‌ಲಾಸ್ಟ್‌ಸೆಲೆಕ್ಟೆಡ್‌ಪಾತ್‌ಕಾಂಪೊನೆಂಟ್ ನಲ್ (‘ಏನೂ ಇಲ್ಲ’) ಕೊಡುತ್ತದೆ, ಅದನ್ನು ಪರೀಕ್ಷಿಸದೆ ಬಳಸಿದ್ದೀರಿ. ಒಂದೇ ಸಂಚಿಕೆ ಸೇರಿಸುವುದಕ್ಕೆ ರಿಲೋಡ್ ಬೇಡ. ಡಿಫಾಲ್ಟ್‌ಟ್ರೀಮಾಡೆಲ್‌ನ ಇನ್ಸರ್ಟ್‌ನೋಡ್‌ಇನ್‌ಟು ಕರೆಯಿರಿ. ಅದು ನೋಡನ್ನು ಸೇರಿಸಿ, ಸೇರಿಸಿದ ಜಾಗವನ್ನಷ್ಟೇ ಟ್ರೀಗೆ ತಿಳಿಸುತ್ತದೆ. ತೆರೆದಿರುವ ವರ್ಷಗಳು ತೆರೆದೇ ಇರುತ್ತವೆ.

ವರ್ಷ ಮಡಚಿದಾಗ ಬರುವ ಎಕ್ಸೆಪ್ಷನ್ ನನಗೆ ಇವುಗಳಲ್ಲೆಲ್ಲ ಹೆಚ್ಚು ಇಷ್ಟವಾಯಿತು, ಏಕೆಂದರೆ ಅಲ್ಲಿ ಬಳಕೆದಾರ ಹೊಸದಾಗಿ ಯಾವ ನೋಡನ್ನೂ ಆಯ್ದಿರುವುದಿಲ್ಲ. ಮಡಚಿದ ಕೊಂಬೆಯೊಳಗೆ ಆಯ್ಕೆಯಾದ ಸಂಚಿಕೆ ಇದ್ದರೆ, ಕಾಣದ ನೋಡ್‌ನ ಮೇಲೆ ಆಯ್ಕೆಯನ್ನು ಉಳಿಸುವ ಬದಲು ಜೆಟ್ರೀ ಅದನ್ನು ತಾನಾಗಿಯೇ ಮೇಲಿನ ವರ್ಷಕ್ಕೆ ಸರಿಸುತ್ತದೆ. ನಿಮ್ಮ ಲಿಸನರ್ ಬಂದದ್ದನ್ನೆಲ್ಲ ಸಂಚಿಕೆಯೆಂದು ನಂಬಿ ಕ್ಯಾಸ್ಟ್ ಮಾಡುತ್ತದೆ, ಬಂದಿರುವುದು ವರ್ಷ. ನಲ್ ಪರೀಕ್ಷೆಯ ನಂತರ ಬಂದದ್ದು ಸಂಚಿಕೆಯೇ ಎಂದು ನೋಡುವ ಇನ್‌ಸ್ಟನ್ಸ್‌ಆಫ್ ಪರೀಕ್ಷೆಯೂ ಇರಲಿ.

ಪ್ರಶ್ನೆ ಕೇಳಿದವರ ಮರುಮಾತು

ಗೆಟ್‌ಫಸ್ಟ್‌ಇಂಡೆಕ್ಸ್ ಬಳಸಿದ್ದು ನಿಜ! ನೀವು ಹೇಳಿದ್ದನ್ನೆಲ್ಲ ಮಾಡಿದ ಮೇಲೆ ತಪ್ಪು ಲೇಖನ ಬರುವುದು ನಿಂತಿದೆ, ಎಕ್ಸೆಪ್ಷನ್‌ಗಳೂ ಇಲ್ಲ. ಎರಡು ವಿಷಯಗಳು ಉಳಿದಿವೆ. ದೊಡ್ಡ ವಿಶೇಷಾಂಕವನ್ನು ಆಯ್ದರೆ ಡೇಟಾಬೇಸ್‌ನಿಂದ ತರುವಷ್ಟು ಹೊತ್ತು ಇಡೀ ಕಿಟಕಿ ಸ್ತಬ್ಧವಾಗುತ್ತಿತ್ತು; ಅದಕ್ಕಾಗಿ ತರುವ ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ಸ್ವಿಂಗ್‌ವರ್ಕರ್‌ಗೆ ಒಪ್ಪಿಸಿದೆ. ಈಗ ಕಿಟಕಿ ಹಗುರವಾಗಿದೆ, ಆದರೆ ಬೇಗ ಬೇಗನೆ ಸಂಚಿಕೆಗಳನ್ನು ಬದಲಿಸಿದರೆ ಟ್ರೀಯಲ್ಲಿ ಒಂದು ಸಂಚಿಕೆ, ಟೇಬಲ್‌ನಲ್ಲಿ ಇನ್ನೊಂದರ ಲೇಖನಗಳು ಉಳಿಯುತ್ತವೆ. ಎರಡನೆಯದು, ಬಲಗುಂಡಿಯ ಮೆನು ನನ್ನ ಲಿನಕ್ಸ್ ಗಣಕದಲ್ಲಿ ಬರುತ್ತದೆ; ಗೆಳೆಯರೊಬ್ಬರ ವಿಂಡೋಸ್‌ನಲ್ಲಿ ಬರುವುದೇ ಇಲ್ಲ.

ಉತ್ತರ 2

ಮೆನುವಿನದು ಚಿಕ್ಕ ವಿಷಯ. ಮೆನು ತೋರಿಸಬೇಕೇ ಎಂದು ಹೇಳುವ ಇಸ್‌ಪಾಪ್‌ಅಪ್‌ಟ್ರಿಗರ್ ಲಿನಕ್ಸ್‌ನಲ್ಲಿ ಗುಂಡಿ ಒತ್ತಿದಾಗ ನಿಜವಾಗುತ್ತದೆ, ವಿಂಡೋಸ್‌ನಲ್ಲಿ ಬಿಟ್ಟಾಗ. ಮೌಸ್‌ಪ್ರೆಸ್ಡ್, ಮೌಸ್‌ರಿಲೀಸ್ಡ್ ಎರಡರಿಂದಲೂ ಒಂದೇ ಸಹಾಯಕ ಮೆಥಡನ್ನು ಕರೆದು, ಪರೀಕ್ಷೆಯನ್ನು ಅದರೊಳಗೆ ಇಡಿ. ಬಲಗುಂಡಿ ಒತ್ತಿದರೆ ಟ್ರೀಯ ಆಯ್ಕೆ ತಾನಾಗಿ ಬದಲಾಗುವುದಿಲ್ಲ ಎಂಬುದನ್ನೂ ಗಮನಿಸಿ. ಗೆಟ್‌ಪಾತ್‌ಫಾರ್‌ಲೊಕೇಶನ್‌ನಿಂದ ಆ ಜಾಗದ ನೋಡ್ ಹುಡುಕಿ, ಸಿಕ್ಕರೆ ಅದನ್ನು ಆಯ್ದು, ಆಮೇಲೆ ಮೆನು ತೋರಿಸಿ. ಇಲ್ಲವಾದರೆ ಬಳಕೆದಾರರು ಒಂದು ಸಂಚಿಕೆಯ ಮೇಲೆ ‘ಅಳಿಸು’ ಒತ್ತಿ ಮತ್ತೊಂದನ್ನು ಕಳೆದುಕೊಳ್ಳುತ್ತಾರೆ. ಇದಕ್ಕೆ ಗೆಟ್‌ಕ್ಲೋಸೆಸ್ಟ್‌ಪಾತ್‌ಫಾರ್‌ಲೊಕೇಶನ್ ಬಳಸಬೇಡಿ. ಖಾಲಿ ಜಾಗದಲ್ಲಿ ಒತ್ತಿದರೂ ಅದು ಹತ್ತಿರದ ಯಾವುದೋ ನೋಡನ್ನು ಕೊಟ್ಟುಬಿಡುತ್ತದೆ.

ವರ್ಕರ್‌ನ ತೊಂದರೆ ಆಳವಾದದ್ದು. ನೀವು ಮೊದಲು ವಿಶೇಷಾಂಕವನ್ನು, ಕೂಡಲೇ ಒಂದು ತೆಳ್ಳನೆಯ ಸಂಚಿಕೆಯನ್ನು ಆಯ್ದಿರಿ ಎಂದುಕೊಳ್ಳಿ. ತೆಳ್ಳನೆಯದರ ವರ್ಕರ್ ಬೇಗ ಮುಗಿದು ಟೇಬಲ್ ತುಂಬುತ್ತದೆ, ನಂತರ ನಿಧಾನವಾಗಿ ಬಂದ ವಿಶೇಷಾಂಕದ ವರ್ಕರ್ ಅದರ ಮೇಲೆ ತನ್ನ ಪಟ್ಟಿಯನ್ನು ಹೇರುತ್ತದೆ. ಹಳೆಯ ವರ್ಕರ್ ಅನ್ನು ಕ್ಯಾನ್ಸಲ್ ಮಾಡಿದರೆ ಸಾಕೆಂದು ಹಲವರು ಹೇಳುತ್ತಾರೆ, ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ಆದರೆ ಕ್ಯಾನ್ಸಲ್ ಮಾಡಿದರೂ ವರ್ಕರ್ ಮುಗಿದಾಗ ಕರೆಯಲಾಗುವ ಡನ್ ಮೆಥಡ್ ಓಡುತ್ತದೆ, ಅಲ್ಲಿ ಫಲಿತಾಂಶಕ್ಕಾಗಿ ಗೆಟ್ ಕರೆದರೆ ಕ್ಯಾನ್ಸಲೇಶನ್ ಎಕ್ಸೆಪ್ಷನ್ ಬರುತ್ತದೆ. ಅದಕ್ಕಿಂತ ಗಟ್ಟಿಯಾದ ದಾರಿ ಇದು: ಪ್ರತಿ ವರ್ಕರ್ ತಾನು ಯಾವ ಸಂಚಿಕೆಗಾಗಿ ಹೊರಟಿತೆಂಬುದನ್ನು ನೆನಪಿಟ್ಟುಕೊಳ್ಳಲಿ, ಡನ್‌ನಲ್ಲಿ, ಅಂದರೆ ಪರದೆಯ ಕೆಲಸ ನಡೆಯುವ ಇವೆಂಟ್ ಡಿಸ್ಪ್ಯಾಚ್ ಥ್ರೆಡ್‌ಗೆ ಮರಳಿದ ಮೇಲೆ, ಟ್ರೀಯಲ್ಲಿ ಈಗ ಆಯ್ಕೆಯಾಗಿರುವ ಸಂಚಿಕೆ ಅದೇ ಹೌದೇ ಎಂದು ನೋಡಲಿ. ಅಲ್ಲವಾದರೆ ತಂದದ್ದನ್ನು ಬಿಸಾಡಲಿ. ಕ್ಯಾನ್ಸಲ್ ಕೂಡ ಮಾಡಬಹುದು, ಅದು ಡೇಟಾಬೇಸ್‌ನ ಹೊರೆ ಇಳಿಸುವುದಕ್ಕೆ ಮಾತ್ರ.

ಟೇಬಲ್‌ಮಾಡೆಲ್‌ನ ಪಟ್ಟಿಯನ್ನು ಬದಲಿಸುವುದೂ ಫೈರ್ ಕರೆಗಳೂ ಡನ್‌ನಲ್ಲೇ ಇರಲಿ. ಹಿನ್ನೆಲೆಯಲ್ಲಿ ಓಡುವ ಡೂಇನ್‌ಬ್ಯಾಕ್‌ಗ್ರೌಂಡ್‌ನೊಳಗೆ ಇಟ್ಟರೆ ಹತ್ತು ಸಲ ಸರಿಯಾಗಿ ನಡೆದು ಹನ್ನೊಂದನೆಯ ಸಲ, ಅದೂ ಬೇರೆಯವರ ಮುಂದೆ ತೋರಿಸುವಾಗ, ಕೈಕೊಡುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಸಂಚಿಕೆಯನ್ನು ಹೋಲಿಸುವ ಪರೀಕ್ಷೆ ಹಾಕಿದೆ, ಎಷ್ಟು ವೇಗವಾಗಿ ಬದಲಿಸಿದರೂ ಈಗ ಎರಡೂ ಕಡೆ ಒಂದೇ ಸಂಚಿಕೆ ಇರುತ್ತದೆ. ಮೆನುವೂ ಎರಡು ಗಣಕಗಳಲ್ಲಿ ಬರುತ್ತಿದೆ. ಕೊನೆಯದಾಗಿ ಒಂದು ಸಣ್ಣ ಕಿರಿಕಿರಿ: ಬಳಕೆದಾರರು ಹಿಗ್ಗಿಸಿಟ್ಟ ಕಾಲಂ ಅಗಲವೂ ವಿಂಗಡಣೆಯೂ ಸಂಚಿಕೆ ಬದಲಿಸಿದಾಗಲೆಲ್ಲ ಮೊದಲಿನಂತಾಗುತ್ತವೆ.

ಉತ್ತರ 1

ಹಾಗಾದರೆ ನೀವು ಕರೆಯುತ್ತಿರುವುದು ಫೈರ್‌ಟೇಬಲ್‌ಡೇಟಾಚೇಂಜ್ಡ್ ಅಲ್ಲ, ಫೈರ್‌ಟೇಬಲ್‌ಸ್ಟ್ರಕ್ಚರ್‌ಚೇಂಜ್ಡ್ ಇರಬೇಕು. ಕಾಲಂಗಳೇ ಬದಲಾಗಿವೆ ಎಂದು ಅದು ಹೇಳುವುದರಿಂದ ಜೆಟೇಬಲ್ ಹಳೆಯ ಕಾಲಂಗಳನ್ನು ಕಿತ್ತು ಹೊಸದಾಗಿ ಕಟ್ಟುತ್ತದೆ. ಅಗಲ, ಕ್ರಮ, ಕಾಲಂಗೆ ಕೂರಿಸಿದ್ದ ರೆಂಡರರ್ (ಕೋಶಗಳನ್ನು ಬಿಡಿಸುವ ಭಾಗ) ಎಲ್ಲವೂ ಅದರೊಂದಿಗೆ ಹೋಗುತ್ತವೆ. ನಿಮ್ಮಲ್ಲಿ ಕಾಲಂಗಳು ಎಲ್ಲ ಸಂಚಿಕೆಗಳಿಗೂ ಒಂದೇ ಆಗಿರುವುದರಿಂದ ಮೊದಲನೆಯದೇ ಸಾಕು.

ಪ್ರಶ್ನೆ ಕೇಳಿದವರ ಮರುಮಾತು

ಹೌದು, ಒಂದೇ ಒಂದು ಕಡೆ ಅದು ಉಳಿದಿತ್ತು. ಬದಲಿಸಿದೆ, ಅಗಲ, ವಿಂಗಡಣೆ ಎರಡೂ ನಿಲ್ಲುತ್ತಿವೆ. ಈ ಚರ್ಚೆಯನ್ನು ‘ಬಗೆಹರಿದಿದೆ’ ಎಂದು ಗುರುತಿಸುತ್ತಿದ್ದೇನೆ.