ಅಪ್‌ಡೇಟ್: ಮೆಕ್ಯಾನಿಕಲ್ ಡಿಗ್ರಿಗೆ ಹಾಕುವ ದುಡ್ಡು ವಾಪಸ್ ಬರುತ್ತಾ?

ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವ ನಾನು, ಸಾಲ ಮಾಡಿ ಮೆಕ್ಯಾನಿಕಲ್ ಡಿಗ್ರಿ ಓದಲಾ ಅಂತ ಕೇಳಿದ್ದೆ. ಕೊನೆಗೂ ತೀರ್ಮಾನ ಆಯ್ತು: ಕೆಲಸ ಬಿಡದೆ ಪಾರ್ಟ್‌ಟೈಮ್ ಓದುತ್ತೇನೆ.

ದಾರಿ ತೋರಿಸಿದ್ದು "ಬಿಟ್ಟುಕೊಡುವ ಸಂಬಳವನ್ನೂ ಖರ್ಚಿಗೆ ಸೇರಿಸು" ಎಂದವರ ಸಲಹೆ. ಫೀಸು, ಪುಸ್ತಕ, ಹಾಸ್ಟೆಲ್ ಒಂದು ಕಾಲಮ್‌ಗೆ, 4 ವರ್ಷದ ಸಂಬಳ ಪಕ್ಕದ ಕಾಲಮ್‌ಗೆ ಬರೆದೆ. ಎರಡನೆಯದೇ ದೊಡ್ಡದಾಗಿತ್ತು! ಪಾರ್ಟ್‌ಟೈಮ್‌ನಲ್ಲಿ ಆ ಕಾಲಮ್ಮೇ ಅಳಿಸಿಹೋಗುತ್ತದೆ. ಓದು ಒಂದೆರಡು ವರ್ಷ ಜಾಸ್ತಿ ಎಳೆಯುತ್ತದೆ, ಅದು ನನಗೆ ಒಪ್ಪಿಗೆ.

ಕಾಲೇಜುಗಳ ಸರಾಸರಿ ಪ್ಯಾಕೇಜ್ ನೋಡು ಅನ್ನುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ನಾಲ್ಕೈದು ಜನರ ಭಾರಿ ಸಂಬಳ ಸರಾಸರಿಯನ್ನು ಮೇಲೆ ಎಳೆದುಬಿಡುತ್ತದೆ. ಮೀಡಿಯನ್ ಕೇಳಿ, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಇರುವವನ ಸಂಬಳ. ಎಷ್ಟು ಜನರಿಗೆ ಕೆಲಸವೇ ಸಿಗಲಿಲ್ಲ ಅನ್ನುವುದನ್ನೂ ಕೇಳಿ. ಸಾಫ್ಟ್‌ವೇರ್‌ಗೆ ಹೋಗು ಎಂದವರಿಗೆ ಥ್ಯಾಂಕ್ಸ್, ಆದರೆ ನನಗೆ ಮೆಷಿನ್ ಮೇಲೇ ಮನಸ್ಸು.

ಬೆಚ್ಚಿಬಿದ್ದಿದ್ದು ಬಡ್ಡಿ ಲೆಕ್ಕಕ್ಕೆ. 100 ರೂಪಾಯಿ ಸಾಲ ತೆಗೆದು 4 ವರ್ಷ ಏನೂ ಕಟ್ಟದಿದ್ದರೆ, ಶೇ 9ರ ಚಕ್ರಬಡ್ಡಿಯಲ್ಲಿ ಅದು ಸುಮಾರು 141 ಆಗುತ್ತದೆ. ಮೊದಲ ಕಂತು ಕಟ್ಟುವ ಮುಂಚೆಯೇ! ಸಾಲ ಮಾಡಲೇಬೇಕಾದವರು ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ, ಅಸಲು ಬೆಳೆಯುವುದಿಲ್ಲ.

ಇನ್ನೊಂದು ವಿಷಯ. ಅದೇ ಡಿಗ್ರಿ ಇದ್ದರೂ ಡಿಸೈನ್, ಸಿಮ್ಯುಲೇಷನ್ (ಡಿಸೈನನ್ನು ಕಂಪ್ಯೂಟರ್‌ನಲ್ಲೇ ಪರೀಕ್ಷಿಸುವುದು), ಪ್ರೊಡಕ್ಷನ್ ಕೆಲಸಗಳ ಸಂಬಳ ಒಂದೇ ಅಲ್ಲ. ಯಾವುದಕ್ಕೆ ಹೋಗಬೇಕು ಅಂತ ಮೊದಲು ನೋಡಿಕೊಂಡು ಲೆಕ್ಕ ಹಾಕಿ. ನಾನು ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡಿಸೈನ್ ಬಿಡಿಸುವುದನ್ನು, ಕಲಿಯಲು ಶುರು ಮಾಡಿದ್ದೇನೆ.