ಪದಚರ್ಚೆ: ‘ತಾಪಸ್’ಗೆ ಹುಡುಕಬೇಕಾದ್ದು ನಾಮಪದವೋ ಕ್ರಿಯಾಪದವೋ?

ಗೆಳೆಯರೇ,

ಮನೆಗೆ ಹತ್ತಿರದ ಒಂದು ತಾಪಸ್ (ಸ್ಪೇನಿನಲ್ಲಿ ಕುಡಿತದ ಜೊತೆ ಕೊಡುವ ಸಣ್ಣ ತಿನಿಸುಗಳು) ರೆಸ್ಟೋರೆಂಟಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪುಟ್ಟ ತಟ್ಟೆಗಳು ಒಂದರ ಹಿಂದೊಂದು ಬರುತ್ತವೆ, ನಡುನಡುವೆ ಕಾಕ್‌ಟೇಲ್, ಮಾತು ಮಾತ್ರ ನಿಲ್ಲುವುದಿಲ್ಲ. ಈ ಅನುಭವವನ್ನು ಬರೆಯಹೊರಟರೆ ಸಾಲುಸಾಲಿಗೂ ಪದದ ಪ್ರಶ್ನೆ ಏಳುತ್ತಿದೆ. ನನಗೆ ತೋಚಿದ್ದನ್ನು ಮುಂದಿಡುತ್ತೇನೆ, ಬಲ್ಲವರು ತಿದ್ದಬೇಕು.

ಮೊದಲು ಕಾಗುಣಿತ. ಟಪಾಸ್, ಟಾಪಸ್, ತಪಾಸ್, ತಾಪಸ್ ಎಂದೆಲ್ಲ ಬರೆಯಲು ಸಾಧ್ಯ. ಸ್ಪ್ಯಾನಿಷಿನ ತಕಾರ ನಮ್ಮ ತಕಾರದಂತೆಯೇ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ದಂತ್ಯ. ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ. ಆದ್ದರಿಂದ ‘ತಾಪಸ್’ ಮೂಲಕ್ಕೆ ಹತ್ತಿರ ಎಂಬುದು ನನ್ನ ಎಣಿಕೆ. ಹೊರಗಿನಿಂದ ಬಂದ ಪದಕ್ಕೆ ಟಕಾರ ಹಾಕುವುದು ನಮ್ಮ ಹಳೆಯ ರೂಢಿ. ಪೋರ್ಚುಗೀಸರ ‘ಬತಾತ’ ನಮ್ಮ ಬಾಯಲ್ಲಿ ‘ಬಟಾಟೆ’ ಆಗಿದೆ. ತಾಪಸ್ ಮೇಜಿನಲ್ಲಿ ಸದಾ ಕಾಣುವ ‘ಪತಾತಾಸ್ ಬ್ರಾವಾಸ್’, ಅಂದರೆ ಖಾರದ ಸಾಸ್ ಸುರಿದ ಕರಿದ ಆಲೂಗಡ್ಡೆಯ ಹೆಸರಿನಲ್ಲೂ ಈ ಬಟಾಟೆಯ ನೆಂಟಸ್ತಿಕೆ ಇದೆ: ಕೆರಿಬಿಯನ್ ದ್ವೀಪಗಳ ಟಾಯ್ನೋ ಜನರ ‘ಬತಾತ’ ಮತ್ತು ಆಂಡೀಸ್ ಸೀಮೆಯ ಕೆಚುವಾ ಭಾಷೆಯ ‘ಪಾಪ’ ಬೆರೆತು ಸ್ಪೇನಿನಲ್ಲಿ ‘ಪತಾತ’ ಆಯಿತು.

‘ತಾಪಸ್’ ಎಂದರೆ ತಪಸ್ಸಿಗೆ ಕುಳಿತ ತಾಪಸ ನೆನಪಾಗುವುದಿಲ್ಲವೇ ಎಂದು ಕೇಳಬಹುದು. ವಿಭಕ್ತಿ ಸೇರಿದ ಕೂಡಲೇ ಅವೆರಡರ ದಾರಿ ಬೇರೆಯಾಗುತ್ತದೆ: ‘ತಾಪಸನಿಗೆ’, ‘ತಾಪಸ್‌ಗೆ’. ನಿಜವಾದ ತೊಡಕು ಏಕವಚನದಲ್ಲಿದೆ. ಮೂಲದಲ್ಲಿ ‘ತಾಪ’ ಒಂದು, ‘ತಾಪಸ್’ ಹಲವು. ‘ಒಂದು ತಾಪ ತರಿಸಿದೆವು’ ಎಂದು ಬರೆದರೆ ಓದುವವರಿಗೆ ಹೊಳೆಯುವುದು ಬೇಗೆ ಅಥವಾ ಸಂಕಟ. ಹಾಗಾಗಿ ‘ಚಿಪ್ಸ್’ ಪದದಂತೆ ಒಂದಕ್ಕೂ ಹತ್ತಕ್ಕೂ ‘ತಾಪಸ್’ ಎಂದೇ ಇರಲಿ. ಯಾರಾದರೂ ‘ತಾಪಸ್‌ಗಳು’ ಎಂದರೂ ನಾನು ತಪ್ಪೆನ್ನುವುದಿಲ್ಲ. ಕನ್ನಡಕ್ಕೆ ಬಂದ ಪದ ಕನ್ನಡದ ಪ್ರತ್ಯಯವನ್ನು ತೆಗೆದುಕೊಳ್ಳುವುದು ಸಹಜವೇ.

ಇನ್ನು ಅರ್ಥ. ‘ತಾಪಾರ್’ ಎಂದರೆ ಮುಚ್ಚು. ‘ತಾಪ’ ಎಂದರೆ ಮುಚ್ಚಳ. ಶೆರಿ ಎಂಬ ಸ್ಪೇನಿನ ಕಡು ವೈನಿನ ಲೋಟಕ್ಕೆ ನೊಣ, ಧೂಳು ಬೀಳದಂತೆ ಮೇಲೆ ಬ್ರೆಡ್ಡಿನ ಚೂರೋ ಹಂದಿಮಾಂಸದ ತೆಳು ಹೋಳೋ ಇಡುತ್ತಿದ್ದರು, ಅದೇ ಮುಂದೆ ತಿನಿಸಿನ ಹೆಸರಾಯಿತು ಎನ್ನುವ ಕಥೆ ಎಲ್ಲರಿಗೂ ಪ್ರಿಯ. ಆಲ್ಫಾನ್ಸೊ ಹೆಸರಿನ ರಾಜರನ್ನೂ ಈ ಕಥೆಗೆ ತಂದು ಸೇರಿಸಿದ್ದಾರೆ. ಇವು ಬಾಯಿಂದ ಬಾಯಿಗೆ ಬಂದ ಕಥೆಗಳು. ಅನುವಾದ ಮಾಡುವವರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ತಾಪಸ್ ಎಂಬುದು ಒಂದು ತಿನಿಸಿನ ಹೆಸರಲ್ಲ. ಅದೇ ಆಲೂಗಡ್ಡೆ ಆಮ್ಲೆಟ್ಟು ಒಂದು ತುಂಡು ಬಂದರೆ ತಾಪ, ತಟ್ಟೆ ತುಂಬ ಬಂದರೆ ‘ರಾಸಿಯೋನ್’, ಅದರಲ್ಲಿ ಅರ್ಧ ಬಂದರೆ ‘ಮೆದಿಯಾ ರಾಸಿಯೋನ್’. ಸ್ಪೇನಿನ ಗ್ರನಾಡಾ ನಗರದಲ್ಲಿ ಪಾನೀಯ ಕೇಳಿದರೆ ತಾಪ ಪುಕ್ಕಟೆಯಾಗಿ ಜೊತೆಗೇ ಬರುತ್ತದೆ. ಸ್ಪೇನಿನವರು ಈ ಪದದಿಂದ ‘ತಾಪೆಯಾರ್’ ಎಂಬ ಕ್ರಿಯಾಪದವನ್ನೂ ಮಾಡಿಕೊಂಡಿದ್ದಾರೆ. ಒಂದು ಬಾರಿನಲ್ಲಿ ಒಂದು ಗುಟುಕು, ಒಂದು ತುತ್ತು. ಅಲ್ಲಿಂದ ಎದ್ದು ಮುಂದಿನ ಬಾರು. ಆ ಭಾಷೆಯೇ ಅದನ್ನು ಕ್ರಿಯೆಯಾಗಿ ಹಿಡಿದಿರುವಾಗ ನಾವು ನಾಮಪದಕ್ಕೇ ಜೋತುಬಿದ್ದು ‘ಸಣ್ಣ ತಟ್ಟೆಗಳು’ ಎಂದು ಬರೆದರೆ ಕೈಗೆ ಸಿಗುವುದು ಪಾತ್ರೆ ಮಾತ್ರ.

ಆದರೂ ನಾಮಪದಗಳನ್ನು ಒಮ್ಮೆ ತೂಗಿ ನೋಡಿದೆ. ‘ಕಿರುತಟ್ಟೆ’ ಕೇಳಲು ಚೆನ್ನ, ಆದರೆ ಕನ್ನಡದಲ್ಲಿ ‘ತಟ್ಟೆ’ ವಸ್ತು, ‘ಪ್ಲೇಟ್’ ಅಳತೆ. ‘ಎರಡು ಪ್ಲೇಟ್ ತನ್ನಿ’ ಎಂದರೆ ತಿನಿಸು ಬರುತ್ತದೆ, ‘ಎರಡು ತಟ್ಟೆ ತನ್ನಿ’ ಎಂದರೆ ಖಾಲಿ ತಟ್ಟೆ ಬರುತ್ತದೆ. ‘ಕುರುಕಲು’ ಹಲ್ಲಿಗೆ ಸದ್ದು ಬೇಡುವ ಪದ. ಬೆಳ್ಳುಳ್ಳಿ ಎಣ್ಣೆಯಲ್ಲಿ ಬೆಂದ ಸೀಗಡಿಗೆ ಅದು ಒಗ್ಗದು. ‘ಉಪಾಹಾರ’ ಎಂದ ಕೂಡಲೇ ಹೊತ್ತು ಬೆಳಗಾಗಿಬಿಡುತ್ತದೆ. ಸಂಸ್ಕೃತದ ‘ಉಪದಂಶ’ಕ್ಕೆ ಕುಡಿತದ ಜೊತೆ ಕಚ್ಚಿಕೊಳ್ಳುವ ತಿನಿಸು ಎಂಬ ಅರ್ಥ ಉಂಟು, ಆದರೆ ಅದೇ ಪದ ಒಂದು ಗುಹ್ಯರೋಗಕ್ಕೂ ಸಂದಿರುವುದರಿಂದ ಮೆನುವಿಗೆ ತರುವಂತಿಲ್ಲ. ಹಳಗನ್ನಡದಲ್ಲಿ ‘ಚಕ್ಕಣ’ ಇದೆ. ಮದ್ಯದೊಡನೆ ಸವಿಯುವ ವ್ಯಂಜನ ಎಂಬುದೇ ಅದರ ಅರ್ಥ. ಇಷ್ಟು ನೇರವಾದ ಪದ ನಮ್ಮಲ್ಲಿತ್ತೆಂಬುದೇ ಸಂತೋಷ. ಇಂದಿನ ಓದುಗರಿಗೆ ಅದನ್ನು ಟಿಪ್ಪಣಿ ಹಾಕಿಯೇ ಕೊಡಬೇಕಾಗುತ್ತದೆ, ಅದೊಂದೇ ಕೊರತೆ.

ಈಗ ಕ್ರಿಯಾಪದಗಳಿಗೆ ಬರೋಣ. ಮೊದಲು ನೆನಪಾದದ್ದು ‘ನಂಜಿಕೊಳ್ಳು’ (ನಂಚಿಕೊಳ್ಳು, ನೆಂಚಿಕೊಳ್ಳು ಎಂದೂ ಹೇಳುತ್ತಾರೆ). ಇದರ ವ್ಯಾಕರಣವೇ ಸೊಗಸು. ಒಂದ‘ಕ್ಕೆ’ ಇನ್ನೊಂದನ್ನು ನಂಜಿಕೊಳ್ಳುತ್ತೇವೆ. ಚತುರ್ಥಿ ವಿಭಕ್ತಿ ಸೇರಿದ್ದು ಮುಖ್ಯ, ಉಳಿದದ್ದು ಅದರ ಜೊತೆಗಾರ. ‘ಶೆರಿಗೆ ಆಲಿವ್ ನಂಜಿಕೊಂಡೆವು’ ಎಂದರೆ ಕುಡಿತ ಮುಖ್ಯ, ಆಲಿವ್ ಅದರ ಬೆನ್ನಿಗೆ ಬಂದದ್ದು ಎಂಬುದು ಆ ಒಂದು ‘ಗೆ’ಯಲ್ಲೇ ತಿಳಿಯುತ್ತದೆ. ಸ್ಪೇನಿನ ಹಳೆಯ ಬಾರುಗಳ ತಾಪಕ್ಕೆ ಇದು ಅಳೆದು ಹೊಲಿದಂತಿದೆ. ಇಂದಿನ ತಾಪಸ್ ರೆಸ್ಟೋರೆಂಟಿನಲ್ಲಿ ಮಾತ್ರ ಸಂಬಂಧ ತಿರುಗಿದೆ. ಅಲ್ಲಿ ಆರೆಂಟು ತಟ್ಟೆ ಸೇರಿ ಒಂದು ಊಟವೇ ಆಗುತ್ತದೆ, ಪಾನೀಯ ಪಕ್ಕಕ್ಕೆ ಸರಿಯುತ್ತದೆ. ಆಗ ‘ಆಲಿವ್‌ಗೆ ಶೆರಿ ನಂಜಿಕೊಂಡೆವು’ ಎನ್ನಲು ಕನ್ನಡ ಒಪ್ಪುವುದಿಲ್ಲ. ಲೋಟದಿಂದ ಕುಡಿಯುವುದನ್ನು ಯಾರೂ ನಂಜಿಕೊಳ್ಳುವುದಿಲ್ಲ. ಇದರಿಂದ ನಾಮಪದ ಮಾಡಹೊರಟರೆ ‘ನಂಜು’ ಎಂಬ ವಿಷದ ಪದ ಬೇರೆ ಎದುರಾಗುತ್ತದೆ.

ಸೀಗಡಿಯ ತಟ್ಟೆಯನ್ನೇ ನೋಡಿ. ‘ಗಾಂಬಾಸ್ ಅಲ್ ಆಹಿಯೊ’ ಬರುವುದು ಮಣ್ಣಿನ ಪುಟ್ಟ ಬಟ್ಟಲಿನಲ್ಲಿ. ಆಲಿವ್ ಎಣ್ಣೆ ಇನ್ನೂ ಕೊತಕೊತ ಎನ್ನುತ್ತಿರುತ್ತದೆ, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗಿರುತ್ತದೆ, ನಡುವೆ ಒಣಮೆಣಸಿನ ಚೂರು, ಸುರುಳಿಸುತ್ತಿದ ಸೀಗಡಿ. ಸೀಗಡಿ ಮುಗಿದ ಮೇಲೆ ಬ್ರೆಡ್ಡನ್ನು ಆ ಎಣ್ಣೆಗೆ ‘ಅದ್ದಿ’ ತಿನ್ನುತ್ತಾರೆ. ನಡುವೆ ಒಂದು ಗುಟುಕು ಶೆರಿಗೆ ಸೀಗಡಿಯನ್ನು ‘ನಂಜಿಕೊಳ್ಳುತ್ತಾರೆ’. ಒಂದೇ ಬಟ್ಟಲಿನ ಸುತ್ತ ಅದ್ದುವುದು ಬೇರೆ, ನಂಜಿಕೊಳ್ಳುವುದು ಬೇರೆ. ಎರಡಕ್ಕೂ ನಮ್ಮಲ್ಲಿ ಪದ ಸಿದ್ಧವಾಗಿದೆ.

ಇಡೀ ಸಂಜೆಗೆ ಒಪ್ಪುವ ಪದ ಯಾವುದು? ನನ್ನ ಮತ ‘ಬಾಯಾಡಿಸು’. ‘ಬಾಯಾಡಿಸೋಕೆ ಏನಾದ್ರೂ ಇದ್ಯಾ?’ ಎಂದು ಕೇಳುವಾಗ ಹಸಿವಿನ ಮಾತಿಲ್ಲ, ಊಟದ ಹೊತ್ತಿನ ಕಟ್ಟಿಲ್ಲ, ಇಂಥದ್ದೇ ಬೇಕೆಂಬ ಹಟವೂ ಇಲ್ಲ. ಸ್ಪ್ಯಾನಿಷಿನಲ್ಲಿ ಇದೇ ಜಾಗದಲ್ಲಿ ‘ಪಿಕಾರ್’ ಎನ್ನುತ್ತಾರೆ. ಆ ಪದದ ಹರಹು ದೊಡ್ಡದು: ಹಕ್ಕಿ ಕುಕ್ಕುವುದು, ಕೀಟ ಕಡಿಯುವುದು, ಮೆಣಸಿನಕಾಯಿ ನಾಲಿಗೆ ಸುಡುವುದು, ಚೂರುಚೂರೇ ತಿನ್ನುವುದು ಎಲ್ಲವೂ ಪಿಕಾರ್. ಹುರಿದು ಉಪ್ಪು ಉದುರಿಸಿ ಕೊಡುವ ಪಾದ್ರೋನ್ ಮೆಣಸಿನಕಾಯಿಯ ಬಗ್ಗೆ ‘ಕೆಲವು ಖಾರ, ಕೆಲವು ಅಲ್ಲ’ ಎಂಬ ಗಾದೆಯಲ್ಲೂ ಇದೇ ಕ್ರಿಯಾಪದ ಬರುತ್ತದೆ. ಹಕ್ಕಿಗೂ ಚೇಳಿಗೂ ಸಲ್ಲುವ ನಮ್ಮ ‘ಕುಟುಕು’ ಅದಕ್ಕೆ ಅಕ್ಷರಶಃ ಸಮ. ಆದರೆ ಮನುಷ್ಯರು ಕುಟುಕಿದರೆ ಅದು ಮಾತಿನಲ್ಲಿ ಚುಚ್ಚಿದಂತೆ. ಆದ್ದರಿಂದ ಬಾಯಾಡಿಸುವುದೇ ಸರಿ. ತಿನ್ನುವುದಕ್ಕೂ ಮಾತಾಡುವುದಕ್ಕೂ ಬಾಯಿ ಆಡುತ್ತಲೇ ಇರಬೇಕಾದ ಮೇಜು ಅದು.

ಹಂಚಿಕೊಳ್ಳುವ ವಿಚಾರ ಚಿಕ್ಕದು. ‘ಹಂಚಿ ತಿನ್ನು’ ಎಂದರೆ ಪಾಲು ಮಾಡಿದಂತೆ. ತಾಪಸ್ ಮೇಜಿನಲ್ಲಿ ಪಾಲಿಲ್ಲ, ತಟ್ಟೆ ನಡುವೆ ಇರುತ್ತದೆ, ಬೇಕಾದವರು ಬೇಕಾದಾಗ ಕೈ ಚಾಚುತ್ತಾರೆ. ‘ಕೂಡಿ ತಿನ್ನು’ ಹೆಚ್ಚು ಒಪ್ಪುತ್ತದೆ.

‘ಪಿಂಚೊ’ ಬಗ್ಗೆಯೂ ಒಂದು ಮಾತು. ‘ಪಿಂಚಾರ್’ ಎಂದರೆ ಚುಚ್ಚು. ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯಲ್ಲಿ, ಅದರಲ್ಲೂ ಸಾನ್ ಸೆಬಾಸ್ಟಿಯನ್ ನಗರದಲ್ಲಿ, ಕಡ್ಡಿಗೆ ಚುಚ್ಚಿದ ತಿನಿಸುಗಳಿಗೆ ಈ ಹೆಸರು. ಅಲ್ಲಿನ ‘ಗಿಲ್ಡಾ’ದಲ್ಲಿ ಒಂದು ಕಡ್ಡಿಗೆ ಆಲಿವ್, ವಿನೆಗರಿನಲ್ಲಿ ನೆನೆದ ಉದ್ದನೆಯ ಹಸಿರು ಮೆಣಸಿನಕಾಯಿ, ಉಪ್ಪುಗಟ್ಟಿದ ಆಂಚೋವಿ ಮೀನು ಸಾಲಾಗಿ ಏರಿರುತ್ತವೆ. ಇದನ್ನು ‘ಕಡ್ಡಿಗೆ ಚುಚ್ಚಿದ’ ಎನ್ನುವುದಕ್ಕಿಂತ ‘ಕಡ್ಡಿಗೆ ಪೋಣಿಸಿದ’ ಎಂದರೆ ಕಣ್ಣಿಗೆ ಕಟ್ಟುತ್ತದೆ. ಚುಚ್ಚುವುದು ಒಂದೇ ಏಟಿನ ಕೆಲಸ, ಪೋಣಿಸುವುದರಲ್ಲಿ ಒಂದಾದ ಮೇಲೊಂದು ಎಂಬ ಕ್ರಮವಿದೆ.

ಇನ್ನು ಕಾಕ್‌ಟೇಲ್. ಈ ಪದವನ್ನು ಹಾಗೇ ಇಟ್ಟುಕೊಳ್ಳೋಣ. ‘ಮಿಶ್ರಮದ್ಯ’ ಎಂದರೆ ಕಲಬೆರಕೆಯ ವಾಸನೆ ಬರುತ್ತದೆ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಕಾಕ್‌ಟೇಲಿಗೆ ಕೊಟ್ಟ ವಿವರಣೆಯಲ್ಲಿ ನಾಲ್ಕೇ ವಸ್ತುಗಳಿದ್ದವು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ ಸಾರ. ಕನ್ನಡದ ಕಸುವು ಇಲ್ಲೂ ಕ್ರಿಯಾಪದದಲ್ಲೇ ಇದೆ. ನಿಂಬೆರಸ, ಮೊಟ್ಟೆಯ ಬಿಳಿ ಸೇರಿದ ಪಾನೀಯವನ್ನು ಐಸಿನೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ‘ಕುಲುಕುತ್ತಾರೆ’. ಗಾಳಿ ಸೇರಿ ನೊರೆ ಬರುತ್ತದೆ, ಬಣ್ಣ ಮಸುಕಾಗುತ್ತದೆ. ಶೆರಿ, ವರ್ಮುತ್ (ಗಿಡಮೂಲಿಕೆ ಬೆರೆತ ವೈನ್), ಕಿತ್ತಳೆ ಬಿಟರ್ಸ್ ಮಾತ್ರ ಇರುವ ‘ಅಡೋನಿಸ್’ ತಿಳಿಯಾಗಿರಬೇಕು, ಅದನ್ನು ಉದ್ದನೆಯ ಚಮಚೆಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಇದಕ್ಕೆ ‘ಕಲಕು’ ಎನ್ನಲು ನನಗೆ ಮನಸ್ಸಿಲ್ಲ. ಕಲಕಿದ ನೀರು ಎಂದರೆ ಕದಡಿದ ನೀರು, ಇಲ್ಲಿ ಬೇಕಿರುವುದು ಅದರ ವಿರುದ್ಧ. ಅಡುಗೆಯವರು ಒಲೆಯ ಮುಂದೆ ಹೇಳುವ ‘ಕೈಯಾಡಿಸು’ ಇಲ್ಲಿ ಎಷ್ಟು ಚೆಂದ ಕೂರುತ್ತದೆ ನೋಡಿ! ಪುದೀನ ಎಲೆಯನ್ನು ಲೋಟದ ತಳದಲ್ಲಿ ಒತ್ತುವುದಕ್ಕೆ ‘ಜಜ್ಜು’ ತೀರ ಒರಟು, ಎಲೆ ಹರಿದರೆ ಕಹಿ ಬಿಡುತ್ತದೆ. ‘ಕಿವುಚು’ ಇರಲಿ, ‘ಹಗುರಾಗಿ ಕಿವುಚಿ’.

ಒಂದು ಗುಣವಾಚಕಕ್ಕೆ ಮಾತ್ರ ನನಗೆ ತೃಪ್ತಿಯಾಗುವ ಪದ ಸಿಕ್ಕಿಲ್ಲ. ಫಿನೊ ಎಂಬ ಬಗೆಯ ಶೆರಿಯನ್ನು ‘ಡ್ರೈ’ ಎನ್ನುತ್ತಾರೆ. ಸಿಹಿ ಇಲ್ಲ ಎಂಬುದಷ್ಟೇ ಅದರ ಅರ್ಥ, ಮದ್ಯಸಾರವೇನೋ ಶೇ. 15ರಷ್ಟು ಇರುತ್ತದೆ. ‘ಒಣ’ ಎಂದರೆ ದ್ರವಕ್ಕೆ ಹೊಂದದು. ‘ಸಪ್ಪೆ’ ಎಂದರೆ ರುಚಿಯೇ ಇಲ್ಲವೆಂದಾಗುತ್ತದೆ. ‘ಒಗರು’ ಬೇರೆಯದೇ ರುಚಿ, ಅದನ್ನು ಕೆಂಪು ವೈನಿಗೆ ಮೀಸಲಿಡಬೇಕು. ಸದ್ಯಕ್ಕೆ ‘ಸಿಹಿಯಿಲ್ಲದ ಶೆರಿ’ ಎಂದು ಬರೆದಿದ್ದೇನೆ. ಇದಕ್ಕಿಂತ ಚುರುಕಾದ ಒಂದೇ ಪದ ಯಾರ ಬಳಿಯಾದರೂ ಇದೆಯೇ?

ಉಳಿದ ಪ್ರಶ್ನೆಗಳು ಎರಡು. ನಿಮ್ಮ ಮಾತಿನಲ್ಲಿ ‘ಬಾಯಾಡಿಸು’ ಕುಡಿತದ ಜೊತೆಗಿನ ತಿನಿಸಿಗೂ ಸಲ್ಲುತ್ತದೆಯೇ, ಇಲ್ಲವೇ ಹೊತ್ತು ಕಳೆಯಲು ತಿನ್ನುವುದಕ್ಕೆ ಮಾತ್ರವೇ? ಜೊತೆಗೆ, ಕೆಳಗಿನ ಸಾಲು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಎಲ್ಲಿ ಎಡವುತ್ತದೆ, ತಿಳಿಸಿ:

‘ಸಂಜೆ ಏಳಕ್ಕೆ ತಾಪಸ್‌ಗೆ ಕೂತೆವು, ಸಿಹಿಯಿಲ್ಲದ ಶೆರಿಗೆ ಕಡ್ಡಿಗೆ ಪೋಣಿಸಿದ ಆಲಿವ್ ನಂಜಿಕೊಂಡು, ಬೆಳ್ಳುಳ್ಳಿ ಎಣ್ಣೆಗೆ ಬ್ರೆಡ್ಡು ಅದ್ದಿಕೊಂಡು, ಹತ್ತರವರೆಗೂ ಬಾಯಾಡಿಸುತ್ತಲೇ ಇದ್ದೆವು.’